ಆಂಚೆಲೊಟ್ಟಿ: ಗುರುವಿನ ಪಾಠ ಬಿಟ್ಟ ಮೇಲೆ

ಇಟಲಿಯಲ್ಲಿ ದೊಡ್ಡ ಕ್ಲಬ್‌ನ ಕೋಚ್ ಆಗಬೇಕೆನ್ನುವವರು ಫ್ಲಾರೆನ್ಸ್ ನಗರದ ಅಂಚಿನಲ್ಲಿರುವ ಕೊವೆರ್ಚಾನೊ ಕೇಂದ್ರದ ಮೆಟ್ಟಿಲು ಹತ್ತಲೇಬೇಕು. 1958ರಲ್ಲಿ ತೆರೆದ ಈ ಕೇಂದ್ರದಲ್ಲಿ ಉನ್ನತ ಪರವಾನಗಿ ಸಿಗಬೇಕಾದರೆ ಕೊನೆಗೊಂದು ಪ್ರಬಂಧ ಬರೆದು ಒಪ್ಪಿಸಬೇಕು. ವಿಶ್ವಕಪ್ ಗೆದ್ದವರಿಗೂ ವಿನಾಯಿತಿಯಿಲ್ಲ. ಆಂಡ್ರಿಯಾ ಪಿರ್ಲೊ 2020ರಲ್ಲಿ ಯುವೆಂಟಸ್‌ನ ಕೋಚ್ ಆಗಿ ನೇಮಕಗೊಂಡ ನಂತರವೂ ಪ್ರಬಂಧ ಮಂಡಿಸಿಯೇ ಪರವಾನಗಿ ಪಡೆದ.

ಈ ಪರಂಪರೆಯಲ್ಲಿ ಮಿಡ್‌ಫೀಲ್ಡರ್‌ಗಳದೇ ದೊಡ್ಡ ಸಾಲು. ಟ್ರಪಟ್ಟೊನಿ, ಕಪೆಲ್ಲೊ, ಆಂಚೆಲೊಟ್ಟಿ, ಸ್ಪಲ್ಲೆಟ್ಟಿ, ಅಲ್ಲೆಗ್ರಿ, ಕಾಂಟೆ, ಡಿ ಮ್ಯಾಟಿಯೊ. ಮೈದಾನದ ನಡುವೆ ನಿಂತವನಿಗೆ ಎರಡೂ ಕಡೆಯ ಆಟ ಕಾಣುತ್ತದೆ, ಅದಕ್ಕೇ ಅವನು ಒಳ್ಳೆಯ ಕೋಚ್ ಆಗುತ್ತಾನೆ ಎಂಬುದು ಇದಕ್ಕೆ ಎಲ್ಲರೂ ಕೊಡುವ ಕಾರಣ. ನನಗಿದು ಅರ್ಧ ಸತ್ಯ. 2006ರ ವಿಶ್ವಕಪ್ ಗೆದ್ದುಕೊಟ್ಟ ಲಿಪ್ಪಿ ಡಿಫೆಂಡರ್ ಆಗಿದ್ದವರು. ಇಟಲಿಯ ಆಟವನ್ನೇ ಬುಡಮೇಲು ಮಾಡಿದ ಅರ್ರಿಗೊ ಸಾಕ್ಕಿ ವೃತ್ತಿಪರ ಫುಟ್‌ಬಾಲ್ ಆಡಿದವರೇ ಅಲ್ಲ, ಶೂ ಮಾರುತ್ತಿದ್ದವರು. ಇನ್ನು ನಡುಮೈದಾನದಿಂದ ಎಲ್ಲವನ್ನೂ ಕಂಡವನೆಂದರೆ ಪಿರ್ಲೊನೇ. ಆತನ ಕೈಗೆ ಬಂದ ಯುವೆಂಟಸ್ ಸತತ ಒಂಬತ್ತು ಬಾರಿ ಗೆದ್ದಿದ್ದ ಲೀಗ್ ಕಳೆದುಕೊಂಡು ನಾಲ್ಕನೇ ಸ್ಥಾನಕ್ಕಿಳಿಯಿತು. ಒಂದೇ ಋತುವಿಗೆ ಆತನ ಕೆಲಸ ಹೋಯಿತು. ಹಾಗಾದರೆ ಕಂಡದ್ದಷ್ಟೇ ಸಾಲದು.

ಏನು ಬೇಕು ಎಂಬುದನ್ನು ಕಾರ್ಲೊ ಆಂಚೆಲೊಟ್ಟಿಯ ಬದುಕು ಹೇಳುತ್ತದೆ. 1959ರಲ್ಲಿ ಎಮಿಲಿಯಾ ಸೀಮೆಯ ರೆಜ್ಜೊಲೊದಲ್ಲಿ ಹುಟ್ಟಿದ ಆಂಚೆಲೊಟ್ಟಿ ಪಾರ್ಮಾದಲ್ಲಿ ಆಟ ಶುರುಮಾಡಿ, ರೋಮಾಕ್ಕೆ ಹೋಗಿ, ಅಲ್ಲಿ ಸ್ವೀಡನ್ನಿನ ನಿಲ್ಸ್ ಲೀಡ್‌ಹೋಮ್ ಕೈಕೆಳಗೆ 1983ರಲ್ಲಿ ಲೀಗ್ ಗೆದ್ದರು. ಮೊಣಕಾಲು ಎರಡೆರಡು ಬಾರಿ ಕೈಕೊಟ್ಟಿತು. ಇಟಲಿ ಗೆದ್ದ 1982ರ ವಿಶ್ವಕಪ್ಪೂ ತಪ್ಪಿತು, ತನ್ನದೇ ಊರಿನ ಮೈದಾನದಲ್ಲಿ ರೋಮಾ ಆಡಿದ 1984ರ ಯುರೋಪಿಯನ್ ಕಪ್ ಫೈನಲ್ಲೂ ತಪ್ಪಿತು. 1987ರಲ್ಲಿ ಮಿಲಾನ್‌ನ ಕೋಚ್ ಸಾಕ್ಕಿ ಆಂಚೆಲೊಟ್ಟಿಯನ್ನು ತಮ್ಮ ತಂಡಕ್ಕೆ ಕರೆಸಿಕೊಂಡಾಗ ಅಂಥ ಕಾಲುಗಳ ಆಟಗಾರ ಯಾಕೆ ಎಂದು ಅನುಮಾನಪಟ್ಟವರಿದ್ದರು. ಉತ್ತರ 1989ರ ಏಪ್ರಿಲ್‌ನಲ್ಲಿ ಸಿಕ್ಕಿತು. ರಿಯಲ್ ಮ್ಯಾಡ್ರಿಡ್ ವಿರುದ್ಧ 5-0 ಗೆದ್ದ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಮೊದಲ ಗೋಲು ದೂರದಿಂದ ಬಾರಿಸಿದ್ದು ಆಂಚೆಲೊಟ್ಟಿ. ಆ ವರ್ಷವೂ ಮರುವರ್ಷವೂ ಕಪ್ ಮಿಲಾನ್‌ನದೇ.

ಸಾಕ್ಕಿಯ ಪಾಠ ಕಟ್ಟುನಿಟ್ಟಾದದ್ದು. 4-4-2 ವ್ಯೂಹ, ಸಾಲುಗಳ ನಡುವೆ ಕಡಿಮೆ ಅಂತರ, ಇಡೀ ತಂಡ ಒಟ್ಟಿಗೆ ಮುಂದಕ್ಕೆ, ಒಟ್ಟಿಗೆ ಹಿಂದಕ್ಕೆ. ಆಟಗಾರ ಎಷ್ಟೇ ದೊಡ್ಡವನಾದರೂ ವ್ಯೂಹಕ್ಕೆ ಬಗ್ಗಬೇಕು. 1994ರ ವಿಶ್ವಕಪ್ ಫೈನಲ್ ತಲುಪಿದ ಇಟಲಿ ತಂಡದಲ್ಲಿ ಸಾಕ್ಕಿಯ ಸಹಾಯಕರಾಗಿದ್ದ ಆಂಚೆಲೊಟ್ಟಿ ಇದನ್ನು ವೇದವಾಕ್ಯವೆಂದೇ ನಂಬಿದ್ದರು. ಪಾರ್ಮಾ ಕೋಚ್ ಆಗಿದ್ದಾಗ, 1997ರಲ್ಲಿ, ರಾಬರ್ಟೊ ಬಾಜ್ಜೊ ಬರಲು ಸಿದ್ಧವಿದ್ದರೂ ತನ್ನ 4-4-2ರಲ್ಲಿ ಜಾಗವಿಲ್ಲವೆಂದು ಬೇಡವೆಂದರು. ಬಾಜ್ಜೊ ಬೊಲೊನ್ಯಾಕ್ಕೆ ಹೋಗಿ ಗೋಲುಗಳ ಮಳೆ ಸುರಿಸಿದ. ಅದು ತನ್ನ ತಪ್ಪೆಂದು ಆಂಚೆಲೊಟ್ಟಿ ಆಮೇಲೆ ಬಹಿರಂಗವಾಗಿಯೇ ಒಪ್ಪಿಕೊಂಡಿದ್ದಾರೆ.

ನನ್ನ ದೃಷ್ಟಿಯಲ್ಲಿ ಕೋಚ್ ಆಂಚೆಲೊಟ್ಟಿ ಹುಟ್ಟಿದ್ದು ಆ ತಪ್ಪಿನ ನಂತರ. ಯುವೆಂಟಸ್‌ನಲ್ಲಿ ಜಿದಾನ್‌ಗಾಗಿ ವ್ಯೂಹ ಬದಲಿಸಿದರು. ಮಿಲಾನ್‌ನಲ್ಲಿ ಪಿರ್ಲೊನನ್ನು ಡಿಫೆಂಡರ್‌ಗಳ ಮುಂದೆ ಹಿಂದಕ್ಕೆ ನಿಲ್ಲಿಸಿ ಆಟ ಹೆಣೆಯಲು ಬಿಟ್ಟರು. (ಬ್ರೆಷಿಯಾದಲ್ಲಿ ಕಾರ್ಲೊ ಮಜ್ಜೋನೆ ಇದನ್ನು ಮೊದಲೇ ಮಾಡಿದ್ದರು, ಶ್ರೇಯ ಮಾತ್ರ ಆ ಹಿರಿಯರಿಗೆ ಅಷ್ಟಾಗಿ ಸಲ್ಲಲಿಲ್ಲ.) ಪಕ್ಕದಲ್ಲಿ ಸೇಡೋರ್ಫ್, ಮುಂದೆ ರೂಯಿ ಕೋಸ್ಟಾ. ಇಷ್ಟು ಜನ ಕಲಾವಿದರು ಒಟ್ಟಿಗೆ ಆಡಿದರೆ ಚೆಂಡು ಕಸಿಯುವವರು ಯಾರು? ಆ ಕೂಲಿ ಕೆಲಸ ಗಟ್ಟೂಸೊನ ಪಾಲಿಗೆ. ಈ ನಡುಮೈದಾನದಿಂದಲೇ 2003ರ ಚಾಂಪಿಯನ್ಸ್ ಲೀಗ್ ಬಂತು. ಮ್ಯಾಡ್ರಿಡ್‌ನಲ್ಲೂ ಇದೇ ಕಥೆ. 2014ರಲ್ಲಿ ವಿಂಗ್‌ನ ಡಿ ಮರಿಯಾ ನಡುಮೈದಾನಕ್ಕೆ ಬಂದ, 2023ರಲ್ಲಿ ಬೆನ್ಜೆಮಾ ತಂಡ ಬಿಟ್ಟಾಗ ಮಿಡ್‌ಫೀಲ್ಡರ್ ಬೆಲ್ಲಿಂಗ್‌ಹ್ಯಾಮ್ ಗೋಲಿನ ಹತ್ತಿರಕ್ಕೆ ಹೋದ. ಎರಡೂ ಋತುಗಳಲ್ಲಿ ಕಪ್ ಮ್ಯಾಡ್ರಿಡ್‌ಗೆ ಬಂತು. ಮೊದಲು ಆಟಗಾರ, ಅಳತೆ ನೋಡಿಕೊಂಡು ವ್ಯೂಹ. ಗುರು ಹೇಳಿದ್ದಕ್ಕೆ ಇದು ಪೂರಾ ತಲೆಕೆಳಗು.

ಇದಕ್ಕೆ ಬೆಲೆಯೂ ತೆರಬೇಕಾಯಿತು. ಪ್ರತಿ ವಾರದ ಶಿಸ್ತು ಬೇಡುವ ಲೀಗ್‌ನಲ್ಲಿ ಈ ಸಡಿಲ ಕೈ ಅಷ್ಟಾಗಿ ನಡೆಯಲಿಲ್ಲ. ಮಿಲಾನ್‌ನ ಎಂಟು ಋತುಗಳಲ್ಲಿ ಲೀಗ್ ಗೆದ್ದದ್ದು 2004ರಲ್ಲಿ ಒಮ್ಮೆ ಮಾತ್ರ. 2005ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲೂ, ಇಸ್ತಾಂಬುಲ್‌ನಲ್ಲಿ ಲಿವರ್‌ಪೂಲ್ ಎದುರು ಅರ್ಧ ಪಂದ್ಯಕ್ಕೆ 3-0 ಮುಂದಿದ್ದವರು ಆರೇ ನಿಮಿಷಗಳಲ್ಲಿ ಮೂರು ಗೋಲು ಬಿಟ್ಟುಕೊಟ್ಟು ಪೆನಾಲ್ಟಿಯಲ್ಲಿ ಸೋತರು. ಬಯರ್ನ್ ಮ್ಯೂನಿಕ್ 2017ರ ಸೆಪ್ಟೆಂಬರ್‌ನಲ್ಲಿ ಅವರನ್ನು ತೆಗೆದುಹಾಕಿತು. ಯುರೋಪಿನ ಐದೂ ದೊಡ್ಡ ಲೀಗ್‌ಗಳನ್ನು ಗೆದ್ದ ಮೊದಲ ಕೋಚ್, ಐದು ಚಾಂಪಿಯನ್ಸ್ ಲೀಗ್ ಗೆದ್ದ ಒಬ್ಬನೇ ಕೋಚ್ ಎಂಬ ದಾಖಲೆಗಳಿದ್ದರೂ ಅವರ ಹೆಸರಿನಲ್ಲೊಂದು ಶೈಲಿಯಿಲ್ಲ. ಸಾಕ್ಕಿಯನ್ನು ಓದಿ ಕಲಿಯಬಹುದು, ಆಂಚೆಲೊಟ್ಟಿಯನ್ನು ಕೊವೆರ್ಚಾನೊದ ಕರಿಹಲಗೆಯ ಮೇಲೆ ಬರೆದು ತೋರಿಸುವುದು ಹೇಗೆ?

ಇಟಲಿಯ ಈ ಪರಂಪರೆ ಈಗ ರಫ್ತಿನ ಸರಕು. ಟ್ರಪಟ್ಟೊನಿ ತನ್ನ ದೇಶವಲ್ಲದೆ ಜರ್ಮನಿ, ಪೋರ್ಚುಗಲ್, ಆಸ್ಟ್ರಿಯಾಗಳಲ್ಲೂ ಲೀಗ್ ಗೆದ್ದು ದಾರಿ ತೋರಿದ್ದರು. ಡಿ ಮ್ಯಾಟಿಯೊ 2012ರಲ್ಲಿ ಯುರೋಪಿನ ಕಪ್ ಗೆದ್ದದ್ದು ಚೆಲ್ಸಿಗೆ, ಆಂಚೆಲೊಟ್ಟಿ 2014, 2022, 2024ರಲ್ಲಿ ಗೆದ್ದದ್ದು ಮ್ಯಾಡ್ರಿಡ್‌ಗೆ. 2025ರಲ್ಲಿ ಬ್ರೆಜಿಲ್ ಕೂಡ ತನ್ನ ರಾಷ್ಟ್ರೀಯ ತಂಡವನ್ನು ಅವರಿಗೇ ಒಪ್ಪಿಸಿತು. ಅತ್ತ ಇಟಲಿ 2018ರ, 2022ರ ವಿಶ್ವಕಪ್‌ಗಳಿಗೆ ಅರ್ಹತೆಯನ್ನೇ ಗಳಿಸಲಿಲ್ಲ. 2010ರಲ್ಲಿ ಇಂಟರ್ ಚಾಂಪಿಯನ್ಸ್ ಲೀಗ್ ಗೆದ್ದಾಗ ಕೋಚ್ ಪೋರ್ಚುಗಲ್‌ನ ಮೊರಿನ್ಯೊ. 2024ರಲ್ಲಿ ಗ್ಯಾಸ್ಪೆರಿನಿಯ ಅಟಲಾಂಟಾ ಯುರೋಪಾ ಲೀಗ್ ಗೆದ್ದದ್ದು ಸಮಾಧಾನದ ಸಂಗತಿಯೇ, ಆದರೆ ಅದು ಎರಡನೇ ದರ್ಜೆಯ ಕಪ್. ಇಟಲಿಯ ಕ್ಲಬ್ ಒಂದನ್ನು ಇಟಲಿಯವನೇ ಕೋಚ್ ಆಗಿ ನಡೆಸಿ ಚಾಂಪಿಯನ್ಸ್ ಲೀಗ್ ಗೆಲ್ಲಿಸಿದ್ದು ಕೊನೆಯ ಬಾರಿಗೆ 2007ರಲ್ಲಿ, ಅಥೆನ್ಸ್‌ನಲ್ಲಿ. ಆ ಕೋಚ್ ಕೂಡ ಆಂಚೆಲೊಟ್ಟಿಯೇ.