ಮುಳುಗುವವನ ಮಾತಿಗೆಷ್ಟು ಬೆಲೆ?

2009ರ ಅಕ್ಟೋಬರ್ 17ರಂದು ಮಾಲ್ದೀವ್ಸ್‌ನ ಅಧ್ಯಕ್ಷ ಮುಹಮ್ಮದ್ ನಶೀದ್ ತಮ್ಮ ಸಚಿವ ಸಂಪುಟದ ಸಭೆಯನ್ನು ಸಮುದ್ರದೊಳಗೆ ನಡೆಸಿದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಮೇಜಿನ ಮುಂದೆ ಕುಳಿತ ಸಚಿವರ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಜಾನ್ ಶೆಂಕ್ ಅವರ ‘ದಿ ಐಲ್ಯಾಂಡ್ ಪ್ರೆಸಿಡೆಂಟ್’ (2011) ಸಾಕ್ಷ್ಯಚಿತ್ರ ಈ ನಶೀದರನ್ನು ಅಧಿಕಾರದ ಮೊದಲ ವರ್ಷದುದ್ದಕ್ಕೂ ಹಿಂಬಾಲಿಸಿ, ಕೋಪನ್‌ಹೇಗನ್ ಹವಾಮಾನ ಸಮ್ಮೇಳನಕ್ಕೆ ಬಂದು ನಿಲ್ಲುತ್ತದೆ.

ಸೊಗಸಾದ ಚಿತ್ರ. ಸೆರೆವಾಸ, ಚಿತ್ರಹಿಂಸೆ ಅನುಭವಿಸಿ ಬಂದ ಮನುಷ್ಯನೊಬ್ಬ ಮುಳುಗಲಿರುವ ತನ್ನ ನಾಡಿಗಾಗಿ ದೊಡ್ಡ ದೇಶಗಳ ಬಾಗಿಲು ತಟ್ಟುವುದು ಮನ ಕಲಕುತ್ತದೆ. ಆದರೆ ಪ್ರಾಮಾಣಿಕ ನಾಯಕನ ಧ್ವನಿಯೊಂದೇ ಲೋಕವನ್ನು ತಿರುಗಿಸಬಲ್ಲದೆಂಬ ಅದರ ಒಳನಂಬಿಕೆಯನ್ನು ನಾವು ಒಪ್ಪಲಾರೆವು.

ನಶೀದರನ್ನು ಜೈಲಿಗಟ್ಟಿದ ಮಅಮೂನ್ ಅಬ್ದುಲ್ ಗಯೂಮ್ ಈ ಚಿತ್ರದ ಖಳನಾಯಕ. ತಪ್ಪೇನಿಲ್ಲ, 30 ವರ್ಷಗಳ ಆ ಆಳ್ವಿಕೆಯ ಸೆರೆಮನೆಗಳನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ 1987ರಲ್ಲೇ ವಿಶ್ವಸಂಸ್ಥೆಯಲ್ಲಿ ನಿಂತು ಏರುವ ಸಮುದ್ರದ ಬಗ್ಗೆ ಎಚ್ಚರಿಸಿದವರು ಗಯೂಮ್. 1989ರಲ್ಲಿ ಸಣ್ಣ ರಾಷ್ಟ್ರಗಳನ್ನು ಮಾಲೆಯಲ್ಲಿ ಒಟ್ಟುಗೂಡಿಸಿದವರೂ ಅವರೇ. ಹೇಳಿದವನು ಸಜ್ಜನನಾಗಿರಲಿ, ಸರ್ವಾಧಿಕಾರಿಯಾಗಿರಲಿ, ಕೇಳಬೇಕಾದವರು ಕಿವಿಗೊಟ್ಟದ್ದು ಅಷ್ಟಕ್ಕಷ್ಟೆ.

ಕೋಪನ್‌ಹೇಗನ್‌ನಲ್ಲಿ ಆದದ್ದೇನು? ಅಮೆರಿಕ, ಚೀನಾ, ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾಗಳು ಬೇರೆಯೇ ಕೋಣೆಯಲ್ಲಿ ಕುಳಿತು ಒಂದು ಒಪ್ಪಂದ ಹೊಸೆದವು. ಯಾರನ್ನೂ ಕಟ್ಟಿಹಾಕದ ಆ ಕಾಗದವನ್ನು ತುವಾಲು ಎಂಬ ಪುಟ್ಟ ದ್ವೀಪ ರಾಷ್ಟ್ರ ಧಿಕ್ಕರಿಸಿತು, ನಶೀದ್ ಬೆಂಬಲಿಸಿದರು. ಚಿತ್ರ ಇದನ್ನು ಗೆಲುವೆಂಬಂತೆ ತೋರಿಸುತ್ತದೆ. ಕೈಯಲ್ಲಿ ನೈತಿಕತೆಯಷ್ಟೇ ಇರುವವನು ಕೊಟ್ಟದ್ದನ್ನು ತೆಗೆದುಕೊಳ್ಳಬೇಕಾಯಿತು ಎಂದೇ ನಾವು ಓದುತ್ತೇವೆ. 2020ರಿಂದ ವರ್ಷಕ್ಕೆ 10,000 ಕೋಟಿ ಡಾಲರ್ ಎಂಬ ಶ್ರೀಮಂತ ದೇಶಗಳ ಅಂದಿನ ಭರವಸೆ, ಅವುಗಳದೇ ಲೆಕ್ಕದ ಪ್ರಕಾರ, ಈಡೇರಿದ್ದು 2022ರಲ್ಲಿ.

ಚಿತ್ರದಲ್ಲಿಲ್ಲದ ಮುಂದಿನ ಅಧ್ಯಾಯ ಇನ್ನೂ ಕಹಿ. 2018ರಲ್ಲಿ ಪೋಲೆಂಡಿನ ಕಟೊವೀಸ್‌ನಲ್ಲಿ ನಶೀದರೇ ಮಾಲ್ದೀವ್ಸ್ ನಿಯೋಗದ ಮುಖ್ಯಸ್ಥರು. ತಾಪಮಾನದ ಏರಿಕೆಯನ್ನು 1.5 ಡಿಗ್ರಿಗೆ ತಡೆಯುವ ಕುರಿತ ವಿಜ್ಞಾನಿಗಳ ವರದಿಯನ್ನು ‘ಸ್ವಾಗತಿಸುತ್ತೇವೆ’ ಎಂಬ ಒಂದು ಪದಕ್ಕಾಗಿ ದ್ವೀಪಗಳು ಹೋರಾಡಿದವು. ಅಮೆರಿಕ, ರಷ್ಯಾಗಳ ಜೊತೆ ಸೇರಿ ಅದನ್ನು ತಡೆದವರಲ್ಲಿ ಸೌದಿ ಅರೇಬಿಯಾ, ಕುವೈತ್‌ಗಳೂ ಇದ್ದವು. ಉಮ್ಮತ್ತಿನ ಸಹೋದರತ್ವದ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಾವು ಇದನ್ನು ಕಾಣದಂತೆ ದಾಟಿಹೋಗುವಂತಿಲ್ಲ.

ಹಾಗೆಂದು ದ್ವೀಪಗಳ ದನಿ ವ್ಯರ್ಥವಾಯಿತೆನ್ನಲಾಗದು. 2015ರ ಪ್ಯಾರಿಸ್ ಒಪ್ಪಂದದಲ್ಲಿ 1.5 ಎಂಬ ಅಂಕಿ ಸೇರಿದ್ದು ಆ ದನಿಯಿಂದಲೇ. ಆದರೆ ಅದು ಒಕ್ಕೂಟದ ಒಗ್ಗಟ್ಟು, ಒಬ್ಬ ನಾಯಕನ ವರ್ಚಸ್ಸಲ್ಲ. ಸಮುದ್ರದಿಂದಾಗುವ ನಷ್ಟಕ್ಕೆ ಪರಿಹಾರ ಬೇಕೆಂದು ವನುವಾಟು ಆ ಒಕ್ಕೂಟದ ಪರವಾಗಿ ಕೇಳಿದ್ದು 1991ರಲ್ಲಿ, ನಿಧಿಗೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. 31 ವರ್ಷ ಕಡತ ಹೊತ್ತು ತಿರುಗಿದ ಅಧಿಕಾರಿಗಳ ಮುಖಕ್ಕೆ ಯಾವ ಕ್ಯಾಮೆರಾವೂ ತಿರುಗಲಿಲ್ಲ!

ಅದೇ ವನುವಾಟು ಪ್ರಶ್ನೆಯನ್ನು ಅಂತಾರಾಷ್ಟ್ರೀಯ ನ್ಯಾಯಾಲಯದವರೆಗೂ ಒಯ್ದಿತು. ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಹೊಣೆ ಎಂದು 2025ರ ಜುಲೈ 23ರಂದು ನ್ಯಾಯಾಧೀಶರು ಒಮ್ಮತದಿಂದ ಹೇಳಿದರು. ಆ ಅಭಿಪ್ರಾಯಕ್ಕೆ ಕಡ್ಡಾಯದ ಬಲವಿಲ್ಲ. ಆದರೂ ನಾಳೆ ಯಾವುದೇ ದೇಶದಲ್ಲಿ ದಾವೆ ಹೂಡುವವರು ಅದನ್ನು ಮುಂದಿಟ್ಟು ವಾದಿಸಬಹುದು.