ಹಳೆಯ ರುಚಿ ಮತ್ತು ‘ಕ್ಲಾಸಿಕ್’ ಎಂಬ ಪದ

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಕಾಫಿಪುಡಿಯ ವಿಷಯಕ್ಕೆ ಒಂದು ಸಣ್ಣ ರಂಪವಾಯಿತು. ಅಪ್ಪ ಸುಮಾರು ಮೂವತ್ತು ವರ್ಷಗಳಿಂದ ಒಂದೇ ಕಂಪನಿಯ ಪುಡಿ ತರುತ್ತಿದ್ದರು. ಆ ಕಂಪನಿ ಪ್ಯಾಕೆಟ್ಟಿನ ಬಣ್ಣ ಬದಲಿಸಿ, ಮೇಲೆ ‘ಹೊಸ ರುಚಿ’ ಎಂದು ಅಚ್ಚು ಹಾಕಿತು. ಮರುದಿನ ಬೆಳಿಗ್ಗೆ ಮೊದಲ ಗುಟುಕಿಗೇ ಅಪ್ಪ ಲೋಟ ಕೆಳಗಿಟ್ಟು, “ಕೆಡಿಸಿಬಿಟ್ರು ಕಣೇ” ಎಂದರು. ಅಮ್ಮ ಒಲೆಯ ಮುಂದಿನಿಂದಲೇ, “ಅದು ಹಳೇ ಪುಡೀನೇ ರೀ. ಹೊಸ ಪ್ಯಾಕೆಟ್ ಇನ್ನೂ ಒಡೆದೇ ಇಲ್ಲ” ಎಂದರು. ನಾವೆಲ್ಲ ನಕ್ಕೆವು. ಅಪ್ಪ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಇಷ್ಟು ವರ್ಷ ತಗೊಂಡಿದ್ದೀವಿ, ಒಂದು ಮಾತು ಕೇಳಬಾರದಿತ್ತಾ?” ಎಂದರು.

ಯಾವ ಕಂಪನಿ ಯಾವ ಗ್ರಾಹಕನನ್ನು ಕೇಳಿ ಪುಡಿ ಬದಲಿಸುತ್ತದೆ? ಅಂದು ನನಗೆ ಆ ಪ್ರಶ್ನೆ ತಮಾಷೆಯಾಗಿಯೇ ಕಂಡಿತ್ತು. ಈಗ ಹಸ್ತಪ್ರತಿಗಳ ಪಾಠಾಂತರಗಳ ಮೇಲೆ ಸಂಶೋಧನೆ ಮಾಡುತ್ತಾ, ಒಂದು ಪದ್ಯದ ಯಾವ ರೂಪ ‘ಮೂಲ’, ಯಾವುದು ‘ಬದಲಾದದ್ದು’ ಎಂದು ದಿನವೂ ತಲೆ ಕೆಡಿಸಿಕೊಳ್ಳುವಾಗ, ಅಪ್ಪನ ಪ್ರಶ್ನೆ ಅಷ್ಟು ತಮಾಷೆಯದೆಂದು ಅನ್ನಿಸುತ್ತಿಲ್ಲ. ಜನ ಒಂದು ವಸ್ತುವನ್ನು ಪ್ರೀತಿಸುತ್ತಾ ಬಂದಿದ್ದಾರೆ. ಅದರ ಒಡೆಯ ಬೇರೆಯವನು. ಒಡೆಯ ಅದನ್ನು ಬದಲಿಸಿದಾಗ ಪ್ರೀತಿಸಿದವರಿಗೆ ಏನು ಹಕ್ಕಿದೆ? ಈ ಪ್ರಶ್ನೆಗೆ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಲು ಪ್ರಯತ್ನಿಸುತ್ತೇನೆ. ಒಂದು ಪಾನೀಯದ್ದು, ಇನ್ನೊಂದು ಪುಸ್ತಕದ್ದು.

ಮೊದಲನೆಯದು ವ್ಯಾಪಾರಶಾಸ್ತ್ರದ ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿರುವ ಕಥೆ. 1886ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಹುಟ್ಟಿದ ಕೋಕಾ-ಕೋಲಾ, ನೂರು ತುಂಬಲು ಒಂದೇ ವರ್ಷ ಬಾಕಿಯಿದ್ದಾಗ, 1985ರ ಏಪ್ರಿಲ್ 23ರಂದು ತನ್ನ ರುಚಿಯನ್ನು ಬದಲಿಸಿರುವುದಾಗಿ ಘೋಷಿಸಿತು. ಕಾರಣವಿತ್ತು. 1975ರಿಂದ ಪೆಪ್ಸಿ ಊರೂರಿನಲ್ಲಿ ಮೇಜು ಹಾಕಿ, ಹೆಸರು ಮರೆಮಾಡಿದ ಎರಡು ಲೋಟಗಳನ್ನಿಟ್ಟು ಜನರಿಗೆ ಕುಡಿಸುತ್ತಿತ್ತು. ಹೆಚ್ಚು ಜನ ಅದರ ಸಿಹಿಯನ್ನೇ ಮೆಚ್ಚುತ್ತಿದ್ದರು. ಕೋಕಾ-ಕೋಲಾ ಕೂಡ ಸುಮ್ಮನೆ ದುಡುಕಲಿಲ್ಲ. ಸುಮಾರು 2 ಲಕ್ಷ ರುಚಿಪರೀಕ್ಷೆಗಳನ್ನು ಮಾಡಿಸಿತು. ಹಳೆಯದಕ್ಕಿಂತ ಹೊಸದು ಚೆನ್ನಾಗಿದೆ ಎಂದೇ ಫಲಿತಾಂಶ ಬಂತು. ಹಳೆಯದರ ತಯಾರಿಕೆ ನಿಂತಿತು.

ಆಮೇಲೆ ನಡೆದದ್ದು ಯಾವ ಲೆಕ್ಕಕ್ಕೂ ಸಿಕ್ಕದ ಸಂಗತಿ. ದಿನಕ್ಕೆ 400ರಷ್ಟು ಬರುತ್ತಿದ್ದ ದೂರವಾಣಿ ಕರೆಗಳು 1,500ಕ್ಕೆ ಏರಿದವು. ಜನ ಹಳೆಯ ಬಾಟಲಿಗಳನ್ನು ಕೂಡಿಟ್ಟುಕೊಂಡರು. ದಕ್ಷಿಣದ ರಾಜ್ಯಗಳಲ್ಲಿ ಇದು ತಮ್ಮ ನೆಲದ ಗುರುತಿಗೆ ಆದ ಅವಮಾನ ಎಂಬಂತೆ ಸಿಟ್ಟು ಕಾಣಿಸಿತು. ಕೊನೆಗೆ 79 ದಿನಗಳ ನಂತರ, ಜುಲೈ 11ರಂದು, ಕಂಪನಿ ಹಳೆಯದನ್ನು ಮರಳಿ ತರುವುದಾಗಿ ಹೇಳಿತು. ಆ ಸುದ್ದಿಗಾಗಿ ಎಬಿಸಿ ವಾಹಿನಿ ಹಗಲಿನ ಧಾರಾವಾಹಿಯನ್ನು ನಡುವೆ ನಿಲ್ಲಿಸಿತು. ಡೇವಿಡ್ ಪ್ರಯರ್ ಎಂಬ ಸೆನೆಟರ್ ಸೆನೆಟ್‌ನಲ್ಲೇ ಎದ್ದುನಿಂತು ಅದರ ಬಗ್ಗೆ ಮಾತನಾಡಿದರು.

ಈ ಕಥೆಯನ್ನು ಸಾಮಾನ್ಯವಾಗಿ ‘ಗ್ರಾಹಕನ ಗೆಲುವು’ ಎಂದು ಹೇಳಿ ಮುಗಿಸುತ್ತಾರೆ. ನನ್ನ ಗಮನ ಹೋದದ್ದು ಮರಳಿ ಬಂದ ಬಾಟಲಿಯ ಮೇಲಿನ ಹೆಸರಿನ ಕಡೆಗೆ: ‘ಕೋಕಾ-ಕೋಲಾ ಕ್ಲಾಸಿಕ್’. ಏಪ್ರಿಲ್‌ಗೆ ಮೊದಲು ಅದು ಬರೀ ಕೋಕ್ ಆಗಿತ್ತು. ಅಂಗಡಿಗೆ ಹೋಗಿ ಯಾರೂ ‘ಕ್ಲಾಸಿಕ್ ಕೊಡಿ’ ಎಂದು ಕೇಳುತ್ತಿರಲಿಲ್ಲ. ಒಮ್ಮೆ ಕಳೆದುಹೋದ ಮೇಲೆಯೇ ಅದಕ್ಕೆ ಆ ಬಿರುದು ಬಂತು. ಸಾಹಿತ್ಯದ ತರಗತಿಗಳಲ್ಲಿ ‘ಅಭಿಜಾತ ಕೃತಿ ಎಂದರೇನು’ ಎಂದು ನಾವು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಕಾಲವನ್ನು ಗೆದ್ದದ್ದು, ಮತ್ತೆ ಮತ್ತೆ ಓದಿಸಿಕೊಳ್ಳುವುದು ಎಂದೆಲ್ಲ ಲಕ್ಷಣ ಕಟ್ಟುತ್ತೇವೆ. ಇಲ್ಲಿ ಇನ್ನೊಂದು ಲಕ್ಷಣ ಸಿಗುತ್ತದೆ: ಯಾವುದರ ಜಾಗಕ್ಕೆ ಬೇರೊಂದು ಬಂದು ಕೂತಿತೋ, ಅದು ಕ್ಲಾಸಿಕ್.

ಇನ್ನು ಎರಡನೆಯ ಪ್ರಸಂಗ. 2023ರ ಫೆಬ್ರವರಿಯಲ್ಲಿ, ರೋಲ್ಡ್ ಡಾಲ್ ಅವರ ಮಕ್ಕಳ ಪುಸ್ತಕಗಳ ಹೊಸ ಮುದ್ರಣಗಳಲ್ಲಿ ಪಫಿನ್ ಪ್ರಕಾಶನವು ನೂರಾರು ಪದ, ವಾಕ್ಯಗಳನ್ನು ಬದಲಿಸಿದೆ ಎಂಬ ಸುದ್ದಿ ಬಂತು. ಡಾಲ್ ತೀರಿಕೊಂಡು ಆಗಲೇ ಮೂವತ್ತೆರಡು ವರ್ಷ ಕಳೆದಿತ್ತು. ‘ಚಾರ್ಲಿ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ’ಯ ತಿಂಡಿಪೋತ ಹುಡುಗ ಆಗಸ್ಟಸ್ ‘ದಪ್ಪ’ಗಿರುವುದನ್ನು ಬಿಟ್ಟು ‘ಭಾರೀ’ ಗಾತ್ರದವನಾದ. ‘ಮಟಿಲ್ಡಾ’ದ ಪುಟ್ಟ ಹುಡುಗಿ ಪುಸ್ತಕಗಳ ಮೂಲಕ ಲೋಕ ಸುತ್ತುವ ಸಾಲುಗಳಲ್ಲಿ ಜೋಸೆಫ್ ಕಾನ್ರಾಡ್ ಹೋಗಿ ಜೇನ್ ಆಸ್ಟಿನ್ ಬಂದರು, ಕಿಪ್ಲಿಂಗ್ ಹೋಗಿ ಸ್ಟೈನ್‌ಬೆಕ್ ಬಂದರು. ಕಿಪ್ಲಿಂಗ್ ಜೊತೆ ಅವಳು ಹೋಗುತ್ತಿದ್ದದ್ದು ಇಂಡಿಯಾಕ್ಕೆ. ಹೊಸ ಪುಸ್ತಕದ ಮಟಿಲ್ಡಾ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಾಳೆ. ಕಿಪ್ಲಿಂಗನ ಸಾಮ್ರಾಜ್ಯಶಾಹಿ ದೃಷ್ಟಿಯಿಂದ ನೊಂದವರ ಮೇಲಿನ ಕಾಳಜಿಯಿಂದಲೇ ಈ ಬದಲಾವಣೆ ಮಾಡಿದ್ದರೆ, ಅದರ ಫಲವಾಗಿ ನಕ್ಷೆಯಿಂದ ಬಿದ್ದುಹೋದದ್ದು ಆ ನೊಂದವರ ದೇಶವೇ!

ಸಲ್ಮಾನ್ ರಶ್ದಿ ಸೇರಿದಂತೆ ಹಲವು ಲೇಖಕರು ವಿರೋಧಿಸಿದರು. ಒಂದೇ ವಾರದೊಳಗೆ ಪಫಿನ್ ಒಂದು ಪ್ರಕಟಣೆ ಹೊರಡಿಸಿತು: ಬದಲಾದ ಪುಸ್ತಕಗಳ ಜೊತೆಗೇ ಹಳೆಯ ಪಠ್ಯದ 17 ಪುಸ್ತಕಗಳೂ ಸಿಗುತ್ತವೆ. ಆ ಮಾಲೆಗೆ ಇಟ್ಟ ಹೆಸರು ‘ರೋಲ್ಡ್ ಡಾಲ್ ಕ್ಲಾಸಿಕ್ ಕಲೆಕ್ಷನ್’. 38 ವರ್ಷಗಳ ನಂತರ ಅದೇ ಪದ, ಅದೇ ಉಪಾಯ.

ಇಲ್ಲಿಗೇ ನಿಂತರೆ ಈ ಬರಹ ‘ಹಳೆಯದೇ ಚೆಂದ, ಮುಟ್ಟಬೇಡಿ’ ಎಂಬ ಹಳಹಳಿಕೆಯಾಗುತ್ತದೆ. ಹಾಗಾಗದಂತೆ ತಡೆಯುವ ಎರಡು ಸಂಗತಿಗಳಿವೆ.

ಜನ ಹೋರಾಡಿ ಮರಳಿ ಪಡೆದ ‘ಕ್ಲಾಸಿಕ್’ ಕೋಕ್ ನಿಜಕ್ಕೂ ಹಳೆಯದಾಗಿತ್ತೆ? ಕೋಕಾ-ಕೋಲಾ 1980ರಲ್ಲೇ ಅಮೆರಿಕದ ತನ್ನ ಬಾಟ್ಲಿಂಗ್ ಘಟಕಗಳಿಗೆ ಸಕ್ಕರೆಯ ಅರ್ಧಭಾಗದಷ್ಟನ್ನು ಅಗ್ಗದ ಮೆಕ್ಕೆಜೋಳದ ಸಿರಪ್‌ನಿಂದ ತುಂಬಲು ಅನುಮತಿ ಕೊಟ್ಟಿತ್ತು. 1984ರ ಕೊನೆಯ ಹೊತ್ತಿಗೆ ಪೂರ್ತಿ ಸಿರಪ್ಪನ್ನೇ ಬಳಸಲು ಒಪ್ಪಿತ್ತು. ಅಂದರೆ ನೂರು ವರ್ಷದ ರುಚಿ ಎಂದು ಜನ ಕಣ್ಣೀರು ಹಾಕಿದ ಪಾನೀಯದೊಳಗಿನ ಸಿಹಿ, ಗದ್ದಲವೇಳುವ ಮೊದಲೇ ಸದ್ದಿಲ್ಲದೆ ಬದಲಾಗಿತ್ತು. ಆಗ ಸೆನೆಟ್‌ನಲ್ಲಿ ಯಾರೂ ಎದ್ದುನಿಲ್ಲಲಿಲ್ಲ.

ಡಾಲ್ ವಿಷಯವೂ ಹೀಗೆಯೇ. 1964ರ ಮೊದಲ ಮುದ್ರಣದಲ್ಲಿ ಚಾಕೊಲೇಟ್ ಕಾರ್ಖಾನೆಯ ಕೆಲಸಗಾರರಾದ ಊಂಪಾ-ಲೂಂಪಾಗಳು ಆಫ್ರಿಕದ ಕಾಡಿನಿಂದ ಕರೆತಂದ ಕುಳ್ಳ ಕಪ್ಪುಜನ. ಕೂಲಿಗೆ ಬದಲಾಗಿ ಕೋಕೋ ಬೀಜ ಪಡೆಯುವವರು. ಗುಲಾಮಗಿರಿಯ ನೆರಳು ಅಲ್ಲಿ ಸ್ಪಷ್ಟವಾಗಿತ್ತು. ಟೀಕೆ ಬಂದಾಗ ಡಾಲ್ ಅವರೇ ತಿದ್ದಿದರು. 1973ರ ಅಮೆರಿಕನ್ ಆವೃತ್ತಿಯಲ್ಲಿ ಅವರು ಲೂಂಪಾಲ್ಯಾಂಡ್ ಎಂಬ ಕಲ್ಪಿತ ನಾಡಿನ, ಬಿಳಿ ಮೈಬಣ್ಣದ ಜನರಾದರು. ನಾನು ಶಾಲೆಯ ಗ್ರಂಥಾಲಯದಲ್ಲಿ ಓದಿ ಕುಣಿದದ್ದು ಆ ತಿದ್ದಿದ ಪುಸ್ತಕವನ್ನು. ನನ್ನ ಪಾಲಿನ ‘ಮೂಲ’ ಅದೇ. 2023ರಲ್ಲಿ ‘ಮೂಲವನ್ನು ಉಳಿಸಿ’ ಎಂದ ನನ್ನಂಥ ಬಹುಪಾಲು ಓದುಗರು ಕಾಪಾಡಲು ಹೊರಟದ್ದು ಒಂದು ಪರಿಷ್ಕೃತ ಆವೃತ್ತಿಯನ್ನು. ಮತ್ತು ಆ 1973ರ ತಿದ್ದುಪಡಿ ಬೇಕಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹಾಗಾದರೆ ನಿಷ್ಠೆಯುಳ್ಳ ಗ್ರಾಹಕ, ನಿಷ್ಠೆಯುಳ್ಳ ಓದುಗ ಇಬ್ಬರೂ ಭ್ರಮೆಯಲ್ಲಿದ್ದಾರೆಯೆ? ಅಪ್ಪನನ್ನು ನೋಡಿ ನಕ್ಕ ಹಾಗೆ ಅವರನ್ನೂ ನಕ್ಕುಬಿಡಬಹುದೆ? ನನಗೆ ಹಾಗನ್ನಿಸುವುದಿಲ್ಲ. ಅವರು ಮೂಲದ ವಿಷಯದಲ್ಲಿ ತಪ್ಪಿರಬಹುದು. ಆದರೆ ತಮಗೆ ಆದ ನಷ್ಟದ ವಿಷಯದಲ್ಲಿ ತಪ್ಪಿಲ್ಲ. ಕೋಕಾ-ಕೋಲಾದ ಪರೀಕ್ಷೆ ಕೇಳಿದ್ದು ‘ಯಾವ ಗುಟುಕು ಚೆನ್ನಾಗಿದೆ’ ಎಂದು. ‘ಇದನ್ನು ಆರಿಸಿದರೆ ಅದು ಇನ್ನು ನಿಮಗೆ ಸಿಗುವುದಿಲ್ಲ, ಆಗಬಹುದೆ’ ಎಂಬುದು ಆ ಗುಟುಕಿನೊಳಗೆ ಇರಲಿಲ್ಲ. ಮೊದಲನೆಯದಕ್ಕೆ ಉತ್ತರ ನಾಲಿಗೆ ಕೊಡುತ್ತದೆ. ಎರಡನೆಯದಕ್ಕೆ ಉತ್ತರ ಕೊಡಬೇಕಾದದ್ದು ಒಬ್ಬ ಮನುಷ್ಯನ ಇಷ್ಟು ವರ್ಷಗಳ ಬದುಕು.

ಹಳೆಯ ಕನ್ನಡ ಕಾವ್ಯಗಳ ಸಂಪಾದಕರಿಂದ ನಾನು ಕಲಿಯುತ್ತಿರುವ ಶಿಸ್ತು ಇಲ್ಲಿ ನೆನಪಾಗುತ್ತದೆ. ಅವರ ಮುಂದೆ ನಾಲ್ಕಾರು ಓಲೆಗರಿ ಪ್ರತಿಗಳಿರುತ್ತವೆ. ಒಂದರ ಪದ ಇನ್ನೊಂದರಲ್ಲಿಲ್ಲ. ಸಂಪಾದಕ ಒಂದನ್ನು ಆರಿಸಲೇಬೇಕು. ಆರಿಸಿದ್ದನ್ನು ಮೇಲೆ ಅಚ್ಚು ಹಾಕಿ, ಬಿಟ್ಟದ್ದನ್ನು ಯಾವ ಪ್ರತಿಯದು ಎಂಬ ಗುರುತಿನೊಂದಿಗೆ ಪುಟದ ಕೆಳಗೆ ಕೊಡುತ್ತಾನೆ. ಅವನ ಆಯ್ಕೆ ತಪ್ಪಾಗಿದ್ದರೆ ಐವತ್ತು ವರ್ಷಗಳ ನಂತರದ ವಿದ್ಯಾರ್ಥಿಯೂ ಅದನ್ನು ಹಿಡಿಯಬಹುದು. ಬದಲಿಸುವ ಅಧಿಕಾರಕ್ಕೆ ಅಂಟಿಕೊಂಡ ಋಣ ಅದು.

ಬಾಟಲಿಗೆ ಅಡಿಟಿಪ್ಪಣಿ ಹಾಕಲಾಗದು, ನಿಜ. ಪುಸ್ತಕಕ್ಕೆ ಹಾಕಬಹುದು. ಆದರೂ ಈಗ ಪುಸ್ತಕವೇ ಬಾಟಲಿಯ ಹಾದಿ ಹಿಡಿಯುತ್ತಿದೆ. ಡಾಲ್ ಗದ್ದಲದ ಹೊತ್ತಿನಲ್ಲೇ, ಮೊದಲು ಹಣ ಕೊಟ್ಟು ಕೊಂಡಿದ್ದ ಇ-ಪುಸ್ತಕಗಳ ಪಠ್ಯ ಓದುಗರ ಸಾಧನದಲ್ಲಿ ತಾನಾಗಿ ಹೊಸ ರೂಪಕ್ಕೆ ಬದಲಾದ ವರದಿ ಬ್ರಿಟನ್ನಿನ ಪತ್ರಿಕೆಯಲ್ಲಿ ಬಂತು. ಕೋಕ್ ಪ್ರಿಯರು ಹಳೆಯ ಬಾಟಲಿಗಳನ್ನಾದರೂ ಮನೆಯಲ್ಲಿ ಕೂಡಿಟ್ಟುಕೊಂಡಿದ್ದರು. ಈ ಓದುಗನ ಕಪಾಟಿನೊಳಗೇ ಕೈ ಹಾಕಿ ಬದಲಿಸಿದಂತಾಯಿತು. ಕನ್ನಡದಲ್ಲೂ ಇ-ಪುಸ್ತಕಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ನಾವು ಕೇಳಬೇಕಾದದ್ದು ‘ಬದಲಿಸಬೇಡಿ’ ಎಂದಲ್ಲ. ‘ಬದಲಿಸಿದ್ದನ್ನು ಹೇಳಿ, ಹಳೆಯದನ್ನೂ ಇಡಿ’ ಎಂದು.

ಕೊನೆಗೊಂದು ಸಂಗತಿ. ಹೊಸ ರುಚಿಯ ಕೋಕ್ ಬೇರೆ ಹೆಸರಿನಲ್ಲಿ ಕುಂಟುತ್ತಾ ಸಾಗಿ 2002ರಲ್ಲಿ ನಿಂತುಹೋಯಿತು. 2009ರಲ್ಲಿ ಕಂಪನಿ ಅಮೆರಿಕದ ತನ್ನ ಬಾಟಲಿಗಳಿಂದ ‘ಕ್ಲಾಸಿಕ್’ ಎಂಬ ಪದವನ್ನು ತೆಗೆಯತೊಡಗಿತು. ಎದುರಾಳಿ ಇಲ್ಲವಾದ ಮೇಲೆ ಬಿರುದಿನ ಅಗತ್ಯವೂ ಉಳಿಯಲಿಲ್ಲ. ಅಪ್ಪ ಮಾತ್ರ ಈಗ ಬೇರೆ ಅಂಗಡಿಯ ಪುಡಿ ತರುತ್ತಾರೆ. ಅದರ ರುಚಿ ಅವರಿಗೆ ಇನ್ನೂ ಹಿಡಿಸಿಲ್ಲ. “ಆದ್ರೆ ಅವನು ಬೀಜ ಬದಲಾಯಿಸಿದಾಗ ಹೇಳಿ ಕೊಡ್ತಾನೆ” ಎನ್ನುತ್ತಾರೆ.