ಪಾಮನಕಲ್ಲೂರಿನ ಗಾಳಿಗೆ ಆ ಕೊಳವೆ ಬೇಕೆ?

ಹೋದ ಬೇಸಿಗೆಯಲ್ಲಿ ಪಾಮನಕಲ್ಲೂರಿನ ಬೀಗರ ಮನೆಗೆ ಹೋದಾಗ ಅಂಗಳದ ಬೇವಿನ ಗಿಡದ ಕೆಳಗೆ ಒಂದು ಹಳೆಯ ಡೀಸೆಲ್ ಸ್ವಿಫ್ಟ್ ಬಾನೆಟ್ ತೆರೆದು ನಿಂತಿತ್ತು. ಗಾಡಿಯ ಒಡೆಯ ನನಗೆ ಅಳಿಯನಾಗಬೇಕು. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಮಿರಮಿರ ಮಿಂಚುವ ಅಲ್ಯೂಮಿನಿಯಂ ಕೊಳವೆ, ತುದಿಗೆ ಜೋಳದ ತೆನೆಯನ್ನು ಕೆಂಪಗೆ ಬಳಿದಿಟ್ಟಂಥ ಫಿಲ್ಟರ್. ‘ಕೋಲ್ಡ್ ಏರ್ ಇಂಟೇಕ್ ಅಂತಾರ ಮಾಮಾ. ಹಾಕಿಸಿದ್ರ ಗಾಡಿಗಿ ದಮ್ಮು ಬರ್ತದಂತ, ಮೈಲೇಜೂ ಏರ್ತದಂತ. ಹಾಕಸ್ಲೋ ಬ್ಯಾಡೋ?’ ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ರಾಯಚೂರು ಜಿಲ್ಲೆಯಲ್ಲಿ ನಿಂತು ‘ಕೋಲ್ಡ್’ ಎನ್ನಲು ಧೈರ್ಯ ಬೇಕು ಅಂದುಕೊಂಡೆ.

ಹಾಗಂತ ಆ ಸಾಮಾನು ಬರೀ ಮೋಸವೇನಲ್ಲ. ಅದರ ಹಿಂದಿನ ಲೆಕ್ಕ ಖರೆ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕಡಿಮೆಯೆಂದರೂ ಹತ್ತು ಸಾವಿರ ಲೀಟರ್ ಗಾಳಿ ಬೇಕು. ಬೇಸಿಗೆಯಲ್ಲಿ ಊರಿಗೆ ನೀರು ತರುವ ಐದು ಸಾವಿರ ಲೀಟರಿನ ಟ್ಯಾಂಕರ್‌ಗಳನ್ನು ನೆನೆಸಿಕೊಳ್ಳಿ. ಅಂಥ ಎರಡು ತುಂಬುವಷ್ಟು ಗಾಳಿ ಒಂದು ಲೀಟರಿಗೇ ಖರ್ಚು. ಗಾಳಿ ತಣ್ಣಗಿದ್ದಷ್ಟೂ ದಟ್ಟವಾಗಿರುತ್ತದೆ, ಹತ್ತು ಡಿಗ್ರಿ ಇಳಿದರೆ ನೂರಕ್ಕೆ ಸುಮಾರು ಮೂರು ಪಾಲು ಹೆಚ್ಚು. ಜನವರಿಯ ನಸುಕಿನಲ್ಲಿ ಸಿಂಧನೂರಿನ ಸಂತೆಗೆ ಹೊರಟ ಗಾಡಿ ‘ಹಗುರ’ ಓಡುತ್ತದೆ ಎಂದು ಚಾಲಕರು ಹೇಳುವುದು ಸುಳ್ಳಲ್ಲ. 45 ಡಿಗ್ರಿಯ ಮೇ ತಿಂಗಳಿಗಿಂತ 16 ಡಿಗ್ರಿಯ ಆ ಗಾಳಿ ನೂರಕ್ಕೆ ಹತ್ತರಷ್ಟು ದಟ್ಟ. ಇಷ್ಟು ಲಾಭವನ್ನು ಚಳಿಗಾಲ ಪುಕ್ಕಟೆ ಕೊಡುತ್ತದೆ.

ಆದರೆ ಹೊರಗಿನ ತಣ್ಣನೆಯ ಗಾಳಿಯನ್ನು ಇಂಜಿನಿಗೆ ತರುವ ಕೆಲಸವನ್ನು ಕಾರು ಮಾಡಿದವರು ಮೊದಲೇ ಮಾಡಿಟ್ಟಿದ್ದಾರೆ. ಬಾನೆಟ್ ಎತ್ತಿ ಫಿಲ್ಟರ್ ಡಬ್ಬಿಯಿಂದ ಹೊರಟ ಕರಿ ಪ್ಲಾಸ್ಟಿಕ್ ಕೊಳವೆಯ ಜಾಡು ಹಿಡಿದು ಹೋಗಿ. ಅದರ ಬಾಯಿ ಸಾಮಾನ್ಯವಾಗಿ ಇಂಜಿನಿನಿಂದ ದೂರ, ಮುಂದಿನ ಜಾಲರಿಯ ಕಡೆಗೆ ಇರುತ್ತದೆ. ನೋಡಲು ಚೆಂದವಿಲ್ಲ, ಆದರೆ ಪ್ಲಾಸ್ಟಿಕ್ ಅಲ್ಯೂಮಿನಿಯಂನಷ್ಟು ಬೇಗ ಕಾಯುವುದಿಲ್ಲ. ಅಗ್ಗದ ಕಿಟ್‌ಗಳಲ್ಲಿ ಆ ಡಬ್ಬಿಯನ್ನೇ ಕಿತ್ತು, ಬೋಳು ಫಿಲ್ಟರನ್ನು ಇಂಜಿನಿನ ಪಕ್ಕದಲ್ಲೇ ಕೂರಿಸುತ್ತಾರೆ. ಹೊರಗೆ 45, ಬಾನೆಟ್ಟಿನೊಳಗೆ 70 ಡಿಗ್ರಿ ಎಂದಿಟ್ಟುಕೊಳ್ಳಿ. ಒಳಗಿನ ಗಾಳಿ ನೂರಕ್ಕೆ ಏಳು ಪಾಲು ತೆಳು. ದುಡ್ಡು ಕೊಟ್ಟು ಬಿಸಿ ಗಾಳಿ ತಂದಂತಾಯಿತು.

ಅಳಿಯನ ಗಾಡಿ ಡೀಸೆಲ್, ಅದಕ್ಕೆ ಟರ್ಬೊ ಬೇರೆ ಇದೆ. ಟರ್ಬೊ ಗಾಳಿಯನ್ನು ಒತ್ತುವಾಗಲೇ ಅದನ್ನು ಕಾಯಿಸಿಬಿಡುತ್ತದೆ, ಮುಂದೆ ಇಂಟರ್‌ಕೂಲರ್ ಇದ್ದರೆ ಅದು ತಣಿಸುತ್ತದೆ. ಬಾಯಲ್ಲಿ ನಾಲ್ಕು ಡಿಗ್ರಿ ಉಳಿಸಿದ್ದು ಸಿಲಿಂಡರಿಗೆ ಮುಟ್ಟುವಷ್ಟರಲ್ಲಿ ಎಷ್ಟು ಉಳಿದೀತು? ಅಲ್ಲದೆ ಡೀಸೆಲ್ ಇಂಜಿನಿನ ಶಕ್ತಿ ನಿರ್ಧಾರವಾಗುವುದು ಎಷ್ಟು ಎಣ್ಣೆ ಬೀಳುತ್ತದೆ ಎಂಬುದರಿಂದ. ಎಣ್ಣೆಯ ಲೆಕ್ಕ ಬದಲಿಸದೆ ಗಾಳಿಯೊಂದನ್ನೇ ಹೆಚ್ಚಿಸಿದರೆ ಅದು ಒಳಗೆ ಬಂದು ಸುಮ್ಮನೆ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಪೆಟ್ರೋಲ್ ಗಾಡಿಯಲ್ಲಾದರೆ ಪೂರ್ತಿ ಆಕ್ಸಿಲರೇಟರ್ ತುಳಿದಾಗ ಮಾತ್ರ ಈ ಹೆಚ್ಚುವರಿಗೆ ಅರ್ಥ. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಯಲ್ಲಿ ಭತ್ತದ ಚೀಲ ಹೇರಿದ ಟ್ರಾಲಿಯ ಹಿಂದೆ ತೆವಳುವಾಗ ಯಾರು ಪೂರ್ತಿ ತುಳಿಯುತ್ತಾರೆ? ಮೈಲೇಜಿನ ಮಾತಿಗೂ ಬುಡವಿಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಬೇಕೆಂದೇ ಫಿಲ್ಟರಿನ ಗಾಳಿ ಕಟ್ಟಿಸಿ ಪರೀಕ್ಷಿಸಿತು. ಇಂಜೆಕ್ಷನ್ ಇರುವ ಹೊಸ ಕಾಲದ ಕಾರುಗಳ ಪಿಕಪ್ ಕುಗ್ಗಿತೇ ಹೊರತು ಮೈಲೇಜ್ ಹೇಳಿಕೊಳ್ಳುವಷ್ಟು ಕುಗ್ಗಲಿಲ್ಲ. ಕಟ್ಟಿದ ಫಿಲ್ಟರೇ ಎಣ್ಣೆ ಕುಡಿಯದಿದ್ದರೆ ಸಡಿಲ ಫಿಲ್ಟರ್ ಹೇಗೆ ಎಣ್ಣೆ ಉಳಿಸೀತು?

ಇಷ್ಟೇ ಆಗಿದ್ದರೆ ‘ಹುಡುಗಾಟ, ಹಾಕ್ಕೊ’ ಎಂದು ಬಿಟ್ಟುಬಿಡುತ್ತಿದ್ದೆ. ನನ್ನನ್ನು ತಡೆದದ್ದು ಧೂಳು.

ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ ಹರಿದು ಗದ್ದೆ ಹಸಿರಾಗಿದೆ. ಪಾಮನಕಲ್ಲೂರು ಸೀಮೆ ಹಾಗಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ಧರಣಿ ಕೂತ ಊರು ಇದು. ಮಳೆ ನಂಬಿದ ಎರೆಹೊಲ, ಗರಸಿನ ದಾರಿ, ತೊಗರಿ ರಾಶಿಯ ಹೊಟ್ಟು. ಮುಂದೆ ಒಂದು ಟ್ರ್ಯಾಕ್ಟರ್ ಹೋದರೆ ಹಿಂದಿನವನಿಗೆ ದಾರಿ ಕಾಣದು. ಆ ಧೂಳಿನಲ್ಲಿ ಮಣ್ಣಷ್ಟೇ ಅಲ್ಲ, ಕಲ್ಲಿನ ಪುಡಿಯೂ ಇದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಕಂಡದ್ದು ಎಲ್ಲರಿಗೂ ಗೊತ್ತು. ಎರಡು ಸಾವಿರ ವರ್ಷ ಬಿಸಿಲು ಮಳೆಯಲ್ಲಿ ಅಕ್ಷರ ಹಿಡಿದಿಟ್ಟ ಸೀಮೆಯ ಕಲ್ಲು ಎಂಥ ಗಟ್ಟಿ! ಇಂಥ ಕಲ್ಲಿನೊಳಗಿನ ಬೆಣಚು ಕಬ್ಬಿಣವನ್ನೂ ಗೀರುತ್ತದೆ. ಹಟ್ಟಿಯ ಚಿನ್ನದ ಗಣಿಗಿಳಿದವರಿಗೆ ಆ ಪುಡಿ ಪುಪ್ಪಸಕ್ಕೆ ಏನು ಮಾಡುತ್ತದೆ ಎಂದು ಹೇಳಬೇಕಿಲ್ಲ. ಸಿಲಿಂಡರನ್ನೂ ಪಿಸ್ಟನ್ ರಿಂಗನ್ನೂ ಅದು ಉಜ್ಜಿ ಸವೆಸುತ್ತದೆ. ಒಂದೆರಡು ಸುಗ್ಗಿ ಕಳೆಯುವಷ್ಟರಲ್ಲಿ ಗಾಡಿ ಆಯಿಲ್ ಕುಡಿಯಲು ಶುರು, ಆಮೇಲೆ ಹೊಗೆ, ಆಮೇಲೆ ‘ಬೋರ್ ಕೆಲಸ ಬಂತು’ ಎನ್ನುವ ಮೆಕ್ಯಾನಿಕ್.

ಕಿಟ್ಟಿನ ಕೆಂಪು ಫಿಲ್ಟರ್ ಎಣ್ಣೆ ಸವರಿದ ಹತ್ತಿಬಟ್ಟೆಯದು. ಈ ಜಾತಿಯ ಫಿಲ್ಟರಿಗೆ ಹೆಸರು ತಂದದ್ದು 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕೆ ಅಂಡ್ ಎನ್. ಅದು ಬೈಕ್ ರೇಸಿನವರ ನಡುವೆ ಬೆಳೆದ ಕಂಪನಿ. ರೇಸಿನ ಇಂಜಿನನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟುತ್ತಾರೆ, ಅಲ್ಲಿ ಗಾಳಿ ಸಲೀಸಾಗಿ ನುಗ್ಗುವುದೇ ಮುಖ್ಯ. ಸಾಲದ ಮೇಲೆ ಕೊಂಡ ಕಾರು ಹತ್ತು ವರ್ಷ ಬಾಳಬೇಕು. ಹತ್ತಿಯ ಫಿಲ್ಟರನ್ನು ತೊಳೆದು, ಒಣಗಿಸಿ, ಅದಕ್ಕೆಂದೇ ಇರುವ ಎಣ್ಣೆಯನ್ನು ಹದವಾಗಿ ಸವರಬೇಕು. ಕಡಿಮೆಯಾದರೆ ಧೂಳು ದಾಟುತ್ತದೆ, ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರಿಗೆ ಎಣ್ಣೆ ಹತ್ತಿ ಲೆಕ್ಕ ತಪ್ಪುತ್ತದೆ. ಆ ಎಣ್ಣೆ ಸಿಗದ ದಿನ ಯಾರೋ ಇಂಜಿನ್ ಆಯಿಲನ್ನೇ ಸುರಿಯುತ್ತಾರೆ ಎಂಬುದು ನನ್ನ ಖಾತ್ರಿ.

ಇನ್ನೊಂದು ಮಾತು, ಕಂಪನಿಯ ಡಬ್ಬಿಯಲ್ಲಿರುವ ಕಾಗದದ ಫಿಲ್ಟರ್ ಬಗ್ಗೆ. ಸ್ವಲ್ಪ ಧೂಳು ಹಿಡಿದ ಕಾಗದದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಮೇಲೆ ಕೂತ ಧೂಳೇ ಜರಡಿಯಾಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ವಾರಕ್ಕೊಮ್ಮೆ ಜೋರು ಗಾಳಿ ಊದಿಸುವವರು ಕಾಗದಕ್ಕೆ ಕಣ್ಣಿಗೆ ಕಾಣದ ತೂತು ಬೀಳಿಸುತ್ತಾರೆ.

ಈ ಸೀಮೆಗೆ ತಕ್ಕ ಇಂಟೇಕ್ ಹೇಗಿರಬೇಕೆಂದು ನೋಡಬೇಕಾದರೆ ಅದೇ ಅಂಗಳದ ಮೂಲೆಯಲ್ಲಿದ್ದ ಹಳೆಯ ಟ್ರ್ಯಾಕ್ಟರನ್ನು ನೋಡಬೇಕು. ಬಾನೆಟ್ಟಿನ ಮೇಲೆ ಎತ್ತರಕ್ಕೆ ಕುಡಿಕೆ ಹೊತ್ತ ಕೊಳವೆ. ಅಷ್ಟು ಎತ್ತರದಲ್ಲಿ ಧೂಳು ಕಡಿಮೆ, ಇಂಜಿನಿನ ಬಿಸಿಯೂ ತಾಕದು. ಕುಡಿಕೆಯೊಳಗೆ ಗಾಳಿ ಸುತ್ತು ತಿರುಗಿ ದಪ್ಪ ಧೂಳನ್ನು ಅಂಚಿಗೆ ಎಸೆಯುತ್ತದೆ. ಕೆಳಗೆ ಬಟ್ಟಲು ತುಂಬ ಎಣ್ಣೆ, ಉಳಿದದ್ದು ಅದರಲ್ಲಿ ಮುಳುಗುತ್ತದೆ. ಬಿಚ್ಚಿದರೆ ಬಟ್ಟಲ ತಳದಲ್ಲಿ ಕೆಸರು ಕಾಣುತ್ತದೆ, ಇಂಜಿನಿನೊಳಗೆ ಹೋಗದೆ ಉಳಿದ ಹೊಲ ಅದು. ಅಳಿಯ ಇದನ್ನು ನೋಡಿ ನಕ್ಕ. ಅದಕ್ಕೆ ಕೆಂಪು ಬಣ್ಣ ಇಲ್ಲ ನೋಡಿ.

ಕೊನೆಗೆ ಉಳಿಯುವುದು ಸದ್ದು. ಡಬ್ಬಿ ತೆಗೆದರೆ ಗಾಳಿ ಎಳೆಯುವ ಭುಸ್ಸೆಂಬ ಸದ್ದು ಕಿವಿಗೆ ಬೀಳುತ್ತದೆ, ಸದ್ದು ಕೇಳಿದವನಿಗೆ ವೇಗ ಹೆಚ್ಚಿದಂತೆ ಅನಿಸುತ್ತದೆ. ನಾನೂ ಒಂದು ಕಾಲದಲ್ಲಿ ಆರ್‌ಎಕ್ಸ್ 100 ಬೈಕಿನ ಸದ್ದಿಗೆ ಸೋತವನೇ, ಆ ಖುಷಿಯನ್ನು ಹೀಯಾಳಿಸಲಾರೆ. ಸದ್ದಿಗಾಗಿಯೇ ಕೊಳ್ಳುವೆ ಎಂದರೆ ಅದು ಪ್ರಾಮಾಣಿಕ ಖರ್ಚು. ಇಂಜಿನಿನ ಕಂಪ್ಯೂಟರ್ ಬದಲಿಸಿ, ದೊಡ್ಡ ಟರ್ಬೊ ಹಾಕಿ ಟ್ರ್ಯಾಕಿನಲ್ಲಿ ಓಡಿಸುವವನಿಗೆ, ಫಿಲ್ಟರಿಗೆ ಬೇರೆ ಗೂಡು ಕಟ್ಟಿ ಹೊರಗಿನ ಗಾಳಿಯನ್ನೇ ತರುವ ಒಳ್ಳೆಯ ಕಿಟ್ಟಿನಿಂದ ಉಪಯೋಗವೂ ಉಂಟು. ಪಾಮನಕಲ್ಲೂರಿನಿಂದ ಲಿಂಗಸುಗೂರಿಗೆ ಬೀಜ, ಗೊಬ್ಬರ, ಮದುವೆಯ ಲಗ್ನಪತ್ರಿಕೆ ಸಾಗಿಸುವ ಗಾಡಿಗೆ ಇಲ್ಲ.

‘ಬ್ಯಾಡ’ ಅಂದೆ. ಕಂಪನಿಯ ಕಾಗದದ ಫಿಲ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಪುಸ್ತಕದಲ್ಲಿ ಬರೆದ ಕಿಲೋಮೀಟರಿಗೆ ಕಾಯದೆ ಅರ್ಧಕ್ಕೇ ಬದಲಿಸು ಎಂದೆ. ಅವನ ಡಬ್ಬಿ ಬಿಚ್ಚಿ ನೋಡಿದರೆ ಮುಚ್ಚಳದ ನಾಲ್ಕು ಕ್ಲಿಪ್ಪುಗಳಲ್ಲಿ ಒಂದು ಮುರಿದಿತ್ತು, ಆ ಸಂದಿಯಿಂದ ಕೆಂಪು ಧೂಳು ಫಿಲ್ಟರನ್ನು ದಾಟಿ ಒಳಗೋಡೆಗೆ ಗೀರಾಗಿ ಅಂಟಿತ್ತು. ನಿಮ್ಮ ಗಾಡಿಯದನ್ನೂ ಈ ಸುಗ್ಗಿಗೆ ಮುಂಚೆ ಒಮ್ಮೆ ಬಿಚ್ಚಿ ನೋಡಿ.